ನೋವು ನಿಂತಿತು, ಕರುಳೂ ನಿಂತಿತು!

ಖಾನಾಪುರ ತಾಲ್ಲೂಕಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಜ್ಜನಿಗೆ ಕ್ಯಾನ್ಸರ್, ಮೂಳೆಗೆ ಹಬ್ಬಿದ ನೋವಿನಿಂದ ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಗಾವಿಯ ವೈದ್ಯರು ಮಾರ್ಫೀನ್ ಗುಳಿಗೆ ಬರೆದುಕೊಟ್ಟರು. ಎರಡು ದಿನಗಳಲ್ಲಿ ಅಜ್ಜ ಎದ್ದು ಕುಳಿತು ಊಟ ಮಾಡಿದರು. ಐದನೆಯ ದಿನ ಹೊಟ್ಟೆ ಉಬ್ಬರಿಸಿತು, ಮಲವಿಸರ್ಜನೆ ನಿಂತಿತು. ಮನೆಯವರು ಗಾಬರಿಗೊಂಡು ಗುಳಿಗೆಯನ್ನೇ ನಿಲ್ಲಿಸಿದರು. ನೋವು ಮರಳಿ ಬಂದಿತು. ಹೀಗೇಕಾಯಿತು?

ಗಸಗಸೆ ಗಿಡದ ಕಾಯಿಯ ಹಾಲೇ ಅಫೀಮು. ಅದರಿಂದ ಮಾರ್ಫೀನನ್ನು 19ನೆಯ ಶತಮಾನದ ಆರಂಭದಲ್ಲಿ ಬೇರ್ಪಡಿಸಿದವನು ಜರ್ಮನಿಯ ಸರ್ಟುರ್ನರ್. ಈ ವಸ್ತುವು ನರಕೋಶಗಳ ಮೇಲಿನ 'ಗ್ರಾಹಕ'ಗಳಿಗೆ, ಬೀಗಕ್ಕೆ ಕೀಲಿಕೈಯಂತೆ, ಅಂಟಿಕೊಳ್ಳುತ್ತದೆಂಬುದು 1973ರಲ್ಲಿ ಪ್ರಯೋಗದಿಂದ ಸ್ಪಷ್ಟವಾಯಿತು. ಮಿದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಇರುವ ಗ್ರಾಹಕಗಳು ನೋವಿನ ಸುದ್ದಿಯನ್ನು ತಡೆಯುತ್ತವೆ. ಆದರೆ ಅಂಥವೇ ಗ್ರಾಹಕಗಳು ಕರುಳಿನ ಗೋಡೆಯಲ್ಲಿಯೂ ಇವೆ. ತೊಡಕು ಇರುವುದು ಇಲ್ಲಿಯೇ.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಇಳಿಜಾರನ್ನು ಹಿಡಿದು ತಾನಾಗಿ ಹರಿಯುತ್ತದೆ. ಕರುಳಿನಲ್ಲಿರುವ ಆಹಾರ ಹಾಗೆ ಹರಿಯದು. ಸ್ನಾಯುಗಳು ಅಲೆಅಲೆಯಾಗಿ ಕುಗ್ಗಿ ಅದನ್ನು ಮುಂದಕ್ಕೆ ನೂಕಬೇಕು. ಮಾರ್ಫೀನ್ ಈ ಅಲೆಗಳನ್ನು ಮಂದಗೊಳಿಸುತ್ತದೆ. ತಡವಾದಷ್ಟೂ ನೀರು ಹೀರಲ್ಪಟ್ಟು ಮಲ ಗಟ್ಟಿಯಾಗುತ್ತದೆ.

ಓಕರಿಕೆ ಮತ್ತು ತೂಕಡಿಕೆಗಳು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಗ್ಗುತ್ತವೆ; ದೇಹ ಅವಕ್ಕೆ ಒಗ್ಗಿಕೊಳ್ಳುತ್ತದೆ. ಮಲಬದ್ಧತೆಗೆ ಮಾತ್ರ ಕರುಳು ಒಗ್ಗುವುದಿಲ್ಲ. ಆದುದರಿಂದ ಮೊದಲ ಗುಳಿಗೆಯೊಂದಿಗೇ ಸೋನಾಮುಖಿಯಂಥ, ಕರುಳನ್ನು ಚುರುಕುಗೊಳಿಸುವ ಔಷಧವನ್ನು ವೈದ್ಯರ ಸಲಹೆಯಂತೆ ಆರಂಭಿಸುವುದು ಕ್ರಮ. ಸಾಕಷ್ಟು ನೀರು ಕುಡಿಯದೆ ಇಸಬಗೋಲವನ್ನಷ್ಟೇ ನುಂಗಿದರೆ ತೊಂದರೆ ಹೆಚ್ಚಬಹುದು. ಓಕರಿಕೆಗೂ ಮದ್ದುಂಟು. ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ನೋವಿನೊಂದಿಗೆ ಬೆವರು, ನಡುಕ, ಭೇದಿಗಳೂ ಕಾಣಿಸಿಕೊಳ್ಳಬಹುದು.

ನಿಜವಾದ ಅಪಾಯವೊಂದಿದೆ: ಪ್ರಮಾಣ ಮೀರಿದರೆ ಉಸಿರಾಟ ನಿಧಾನವಾಗುತ್ತದೆ. ಮದ್ಯ ಅಥವಾ ನಿದ್ರೆಗುಳಿಗೆ ಕೂಡಿದರೆ ಅಪಾಯ ಇಮ್ಮಡಿಸುತ್ತದೆ. ಮೂತ್ರಪಿಂಡಗಳು ಸೋತವರಲ್ಲಿ ಮಾರ್ಫೀನಿನಿಂದ ಹುಟ್ಟುವ ವಸ್ತುಗಳು ದೇಹದಲ್ಲಿ ಸಂಗ್ರಹವಾಗುತ್ತವೆ. ಎಬ್ಬಿಸಿದರೂ ಏಳದ ಮಂಪರು, ಸೂಜಿಮೊನೆಯಂತೆ ಕಿರಿದಾದ ಕಣ್ಣಪಾಪೆ, ನಿಧಾನವಾದ ಉಸಿರು ಕಂಡರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ನಾಲಾಕ್ಸೋನ್ ಎಂಬ ಪ್ರತಿಮದ್ದು ಮಾರ್ಫೀನನ್ನು ಗ್ರಾಹಕದಿಂದ ಸರಿಸಿ ಉಸಿರನ್ನು ಮರಳಿಸಬಲ್ಲುದು.

ಹಾಗೆಂದು ಬೆನ್ನುನೋವು, ಮಂಡಿನೋವುಗಳಿಗೆಲ್ಲ ಇದೇ ಮದ್ದೆಂದು ತಿಳಿಯಬಾರದು. ಅಂಥ ದೀರ್ಘಕಾಲದ ನೋವಿಗೆ ವ್ಯಾಯಾಮ ಮತ್ತು ಇತರ ಔಷಧಗಳೇ ಮೊದಲು. ಅಫೀಮು ವರ್ಗದ ಔಷಧವು ವರ್ಷಗಟ್ಟಲೆ ಸಾಗಿದರೆ ಅವಲಂಬನೆಯ ಭಯವುಂಟು. 1985ರ ಮಾದಕವಸ್ತು ಕಾಯಿದೆ ಬಿಗಿಯಾದುದು ಈ ದುರುಪಯೋಗವನ್ನು ತಡೆಯಲೆಂದೇ. ಆದರೆ ನರಳುವವರಿಗೂ ಮದ್ದು ದುರ್ಲಭವಾದುದರಿಂದ 2014ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು.

2025ರ ಜನವರಿಯಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟನೆಗೊಂಡಿತು. ಆದರೆ ಆಸ್ಪತ್ರೆ ನಗರದಲ್ಲಿದ್ದರೂ ಗುಳಿಗೆ ನುಂಗುವುದು ಹಳ್ಳಿಯ ಮನೆಯಲ್ಲಿ. ಮಳೆಗಾಲದಲ್ಲಿ ಕಾಡಂಚಿನ ಊರುಗಳಿಂದ ಹೊರಡುವುದೇ ಕಷ್ಟ. ಇಲ್ಲಿ ವಿದ್ಯಾರ್ಥಿಗಳಾದ ನೀವು ನೆರವಾಗಬಲ್ಲಿರಿ. ಒಂದು ನೋಟುಪುಸ್ತಕದಲ್ಲಿ ಗುಳಿಗೆಯ ವೇಳೆ, ನೋವಿನ ಮಟ್ಟ, ನಿದ್ದೆ, ಮಲವಿಸರ್ಜನೆ — ಇಷ್ಟನ್ನು ದಿನವೂ ಬರೆದಿಡಿ. ಗುಳಿಗೆಗಳನ್ನು ಮಕ್ಕಳ ಕೈಗೆಟುಕದಂತೆ ಬೀಗದಲ್ಲಿಡಿ. ಮೂರು ದಿನ ಮಲವಿಸರ್ಜನೆಯಾಗದಿದ್ದರೆ ವೈದ್ಯರಿಗೆ ತಿಳಿಸಿ. ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ಆ ಪುಟ್ಟ ಪುಸ್ತಕವೇ ಅಜ್ಜನ ರಾತ್ರಿಯ ನಿದ್ದೆಯನ್ನು ಉಳಿಸಬಹುದು.