ಎರಡು ನಿಮಿಷಕ್ಕೊಂದು ಕಲ್ಲು

ಗೀಜಾದ ಮಹಾ ಪಿರಮಿಡ್ಡಿನಲ್ಲಿ ಸುಮಾರು 23 ಲಕ್ಷ ಕಲ್ಲುಗಳಿವೆ ಎಂದು ತಜ್ಞರು ಅಂದಾಜು ಮಾಡಿದ್ದಾರೆ. ಒಂದೊಂದರ ತೂಕ ಸರಾಸರಿ ಎರಡೂವರೆ ಟನ್. ಕ್ರಿಸ್ತಪೂರ್ವ 26ನೇ ಶತಮಾನದ ಖುಫು ದೊರೆಗಾಗಿ ಇದು ಎದ್ದಿತು. ಕೆಲಸಕ್ಕೆ 20 ವರ್ಷ ಹಿಡಿಯಿತು, ದಿನಕ್ಕೆ ಹತ್ತು ಗಂಟೆ ದುಡಿದರು ಎಂದಿಟ್ಟುಕೊಂಡು ಭಾಗಿಸಿ ನೋಡಿ. ಒಂದು ದಿನವೂ ರಜೆಯಿಲ್ಲದೆ ಎರಡು ನಿಮಿಷಕ್ಕೊಂದು ಕಲ್ಲು ತನ್ನ ಜಾಗದಲ್ಲಿ ಕೂರಬೇಕಾಗುತ್ತದೆ.

ಈ ಲೆಕ್ಕ ಕೇಳಿದ ಕೂಡಲೇ ಮನಸ್ಸು 146 ಮೀಟರ್ ಎತ್ತರದ ತುದಿಗೆ ಓಡುತ್ತದೆ. ಅಷ್ಟು ಮೇಲಕ್ಕೆ ಹೇಗೆ ಎತ್ತಿದರು? ಆದರೆ ಪಿರಮಿಡ್ಡಿನ ಆಕಾರವೇ ಅರ್ಧ ಉತ್ತರ ಕೊಡುತ್ತದೆ. ಮೇಲೆ ಹೋದಂತೆಲ್ಲ ಅದು ಕಿರಿದಾಗುತ್ತದೆ. ಶಾಲೆಯಲ್ಲಿ ಕಲಿತ ಘನಫಲದ ಸೂತ್ರ ಹಾಕಿದರೆ, ಒಟ್ಟು ಕಲ್ಲಿನ ಅರ್ಧದಷ್ಟು ಮೊದಲ 30 ಮೀಟರ್ ಎತ್ತರದೊಳಗೇ ಮುಗಿದುಹೋಗುತ್ತದೆ. ತುದಿಯ ಮೂರನೇ ಒಂದು ಭಾಗದ ಎತ್ತರದಲ್ಲಿರುವುದು ಒಟ್ಟು ಗಾತ್ರದ ಶೇ. 4ಕ್ಕಿಂತ ಕಡಿಮೆ. ಹೀಗಾಗಿ ಕಟ್ಟುವವರ ದೊಡ್ಡ ತಲೆನೋವು ಎತ್ತರವಾಗಿರಲಿಲ್ಲ. ಕಲ್ಲು ಎಡೆಬಿಡದೆ ಬರುತ್ತಿರುವಂತೆ ನೋಡಿಕೊಳ್ಳುವುದಾಗಿತ್ತು.

ಆ ಸಾಗಣೆಯಲ್ಲಿ ಕೈಯಾರೆ ದುಡಿದ ಒಬ್ಬನ ದಿನಚರಿಯೇ ನಮಗೆ ಸಿಕ್ಕಿದೆ ಎಂಬುದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್ ಎಂಬ ಹಳೆಯ ಬಂದರಿನಲ್ಲಿ ಫ್ರೆಂಚ್ ಪುರಾತತ್ವಜ್ಞ ಪಿಯರ್ ತಾಲೆ ಅವರ ತಂಡಕ್ಕೆ ಪಪೈರಸ್ ಹಾಳೆಗಳ ತುಣುಕುಗಳು ಸಿಕ್ಕವು. ಬರಹವಿರುವ ಪಪೈರಸ್‌ಗಳಲ್ಲಿ ಇವಕ್ಕಿಂತ ಹಳೆಯವು ಈವರೆಗೆ ದೊರೆತಿಲ್ಲ. ಕೆಲವನ್ನು ಬರೆದವನು ಮೇರೆರ್ ಎಂಬ ಮೇಲ್ವಿಚಾರಕ. ಅವನ ಕೈಕೆಳಗೆ ಸುಮಾರು 40 ಜನ. ನೈಲ್ ನದಿಯ ಪೂರ್ವ ದಡದ ತುರಾ ಗಣಿಯಿಂದ ಬಿಳಿ ಸುಣ್ಣಕಲ್ಲನ್ನು ದೋಣಿಗೆ ಹೇರಿ ಗೀಜಾಕ್ಕೆ ಮುಟ್ಟಿಸುವುದು ಅವರ ಕೆಲಸ. ಪಿರಮಿಡ್ಡಿನ ಹೊರಮೈಗೆ ಹೊದಿಸಿದ್ದು ಇದೇ ಕಲ್ಲು. ಇವತ್ತು ಗಣಿಯಲ್ಲಿ ತುಂಬಿಸಿದೆವು, ಇವತ್ತು ಹೊರಟೆವು, ರಾತ್ರಿ ‘ಖುಫುವಿನ ಕೆರೆ’ಯಲ್ಲಿ ತಂಗಿದೆವು ಎಂಬಂಥ ಒಣ ದಾಖಲೆಗಳು. ಹತ್ತು ದಿನಕ್ಕೆ ಎರಡು ಮೂರು ಸಲ ಹೋಗಿಬರುತ್ತಿದ್ದರು. ಮೇಲೆ ಉಸ್ತುವಾರಿಗೆ ಖುಫುವಿನ ಮಲಸಹೋದರ ಅಂಖಹಾಫ್ ಇದ್ದ.

ಕೆರೆ ಎಂದರೆ ತೋಡಿದ ಕೊಳ. ಪ್ರವಾಹದ ತಿಂಗಳುಗಳಲ್ಲಿ ನೈಲ್ ಉಕ್ಕಿದಾಗ ಕಾಲುವೆಗಳ ಮೂಲಕ ನೀರು ಪಿರಮಿಡ್ ನಿಂತಿರುವ ಪ್ರಸ್ಥಭೂಮಿಯ ಬುಡದವರೆಗೂ ಬರುತ್ತಿತ್ತು. ಈಗ ಬತ್ತಿರುವ ನದಿಯ ಒಂದು ಕವಲು ಅಂದು ಗೀಜಾದ ಹತ್ತಿರವೇ ಹರಿಯುತ್ತಿತ್ತು ಎಂಬುದಕ್ಕೆ ಮಣ್ಣಿನ ಪದರಗಳಲ್ಲಿ ಉಳಿದ ಸಸ್ಯಗಳ ಪರಾಗ 2022ರ ಅಧ್ಯಯನವೊಂದರಲ್ಲಿ ಸಾಕ್ಷಿ ನುಡಿಯಿತು. ಭಾರದ ಕಲ್ಲನ್ನು ನೆಲದ ಮೇಲೆ ಎಳೆಯುವ ದೂರವನ್ನು ನದಿ ಹೀಗೆ ಕಡಿಮೆ ಮಾಡಿಕೊಟ್ಟಿತ್ತು. ಒಳಗೆ ತುಂಬುವ ಒರಟು ಸುಣ್ಣಕಲ್ಲಿಗಂತೂ ನದಿಯೂ ಬೇಕಿರಲಿಲ್ಲ. ಅದರ ಗಣಿ ಪಿರಮಿಡ್ಡಿನ ದಕ್ಷಿಣಕ್ಕೆ ಕೆಲವು ನೂರು ಮೀಟರ್ ದೂರದಲ್ಲೇ ಇತ್ತು. ಕಡಿಯಲು ತಾಮ್ರದ ಉಳಿ, ಗಟ್ಟಿ ಕಲ್ಲಿನ ಗುಂಡುಗಳು. ಉಳಿಯ ತಾಮ್ರ ಸಿನಾಯ್‌ನಿಂದ ಬರುತ್ತಿತ್ತು. ಮೇರೆರ್‌ನ ಕಾಗದಗಳು ಸಿಕ್ಕ ಆ ಬಂದರು ಸಿನಾಯ್‌ಗೆ ದಾಟುವ ಕಡವೇ.

ಇನ್ನು ನೆಲದ ಮೇಲಿನ ಎಳೆತ. ಇದಕ್ಕಿದ್ದ ಯಂತ್ರ ಚಕ್ರವಿಲ್ಲದ ಮರದ ಜಾರುಬಂಡಿ. ದೈರ್ ಅಲ್-ಬರ್ಶಾದಲ್ಲಿರುವ ಜೆಹುತಿಹೋತೆಪ್ ಎಂಬ ಅಧಿಕಾರಿಯ ಸಮಾಧಿಯಲ್ಲಿ, ಪಿರಮಿಡ್ಡಿಗಿಂತ ಆರೇಳು ಶತಮಾನ ಈಚೆಗೆ ಬರೆದ ಒಂದು ಚಿತ್ರವಿದೆ. ಜಾರುಬಂಡಿಯ ಮೇಲೆ ಭಾರಿ ವಿಗ್ರಹ, ಹಗ್ಗ ಹಿಡಿದ 172 ಜನ, ಬಂಡಿಯ ಮೂತಿಯಲ್ಲಿ ನಿಂತು ಮುಂದಿನ ನೆಲಕ್ಕೆ ನೀರು ಸುರಿಯುತ್ತಿರುವ ಒಬ್ಬ. ಅದು ಯಾವುದೋ ಪೂಜೆಯ ಶಾಸ್ತ್ರವಿರಬೇಕು ಎಂದು ಹಲವರು ಬಹುಕಾಲ ನಂಬಿದ್ದರು. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಡೇನಿಯಲ್ ಬಾನ್ ಮತ್ತು ಸಂಗಡಿಗರು ಮರಳಿನ ಮೇಲೆ ಪುಟ್ಟ ಜಾರುಬಂಡಿ ಎಳೆದು ಅಳೆದರು. ಒಣ ಮರಳು ಬಂಡಿಯ ಮುಂದೆ ಗುಡ್ಡೆಗಟ್ಟಿ ಅಡ್ಡಬರುತ್ತದೆ. ಹದವಾಗಿ ತೇವವಾದರೆ ಕಣಗಳ ನಡುವಿನ ನೀರಿನ ಹನಿಗಳು ಮರಳನ್ನು ಹಿಡಿದಿಟ್ಟು ನೆಲವನ್ನು ಗಟ್ಟಿ ಮಾಡುತ್ತವೆ, ಎಳೆಯುವ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನೀರು ಹೆಚ್ಚಾದರೆ ಮತ್ತೆ ಕಷ್ಟ. ಎಷ್ಟು ಸುರಿಯಬೇಕೆಂದು ಆ ಮನುಷ್ಯನ ಕೈಗೆ ಗೊತ್ತಿತ್ತು.

ಏರಿಸುವುದಕ್ಕೆ ಇಳಿಜಾರು ಕಟ್ಟೆ ಬೇಕೇ ಬೇಕು. ಹತ್ತು ಮೀಟರಿಗೆ ಒಂದು ಮೀಟರ್ ಏರುವ ನೇರ ಕಟ್ಟೆಯನ್ನು ತುದಿಯವರೆಗೆ ಒಯ್ದರೆ ಅದರ ಉದ್ದ ಒಂದೂವರೆ ಕಿಲೋಮೀಟರ್‌ಗೆ ಸಮೀಪಿಸುತ್ತದೆ. ಗಣಿ ಇರುವುದೇ ಅದಕ್ಕಿಂತ ಹತ್ತಿರ. ಕಟ್ಟೆಗೆ ಬೇಕಾಗುವ ಮಣ್ಣುಕಲ್ಲೂ ವಿಪರೀತ. ಆದರೆ ಅದೇ ಇಳಿಜಾರಿನಲ್ಲಿ ಮೊದಲ 30 ಮೀಟರ್ ಏರಲು 300 ಮೀಟರ್ ಕಟ್ಟೆ ಸಾಕು, ಅಷ್ಟರಲ್ಲಿ ಅರ್ಧ ಪಿರಮಿಡ್ ಮುಗಿದಿರುತ್ತದೆ. ಅದರಿಂದ ಮೇಲಕ್ಕೆ ಪಿರಮಿಡ್ಡನ್ನೇ ಸುತ್ತುವರಿದು ಏರುವ ದಾರಿ ಇತ್ತೇ, ಮೆಟ್ಟಿಲು ಮೆಟ್ಟಿಲಾಗಿ ಸನ್ನೆಕೋಲಿನಿಂದ ಮೀಟಿದರೇ ಎಂಬ ವಾದಗಳು ನಡೆದೇ ಇವೆ. ಹತ್ನುಬ್ ಎಂಬ ಅಲಬಾಸ್ಟರ್ ಗಣಿಯಲ್ಲಿ ಖುಫುವಿನ ಕಾಲದ ಕಡಿದಾದ ಇಳಿಜಾರೊಂದು ಪತ್ತೆಯಾದ ಸುದ್ದಿ 2018ರಲ್ಲಿ ಬಂತು. ಅದರ ಎರಡೂ ಬದಿಗೆ ಮೆಟ್ಟಿಲು, ಕಂಬ ನೆಡುವ ಗುಳಿಗಳು. ಕಂಬಕ್ಕೆ ಹಗ್ಗ ಸುತ್ತಿ ಎಳೆದರೆ ತೀರ ಕಡಿದಾದ ಏರಿನಲ್ಲೂ ಬಂಡಿ ಹತ್ತುತ್ತದೆ. ಕಡಿದಾದಷ್ಟೂ ಕಟ್ಟೆ ಗಿಡ್ಡವಾಗುತ್ತದೆ, ಆದ್ದರಿಂದ ನನಗೆ ಈ ಸುಳಿವು ಬಹಳ ತೂಕದ್ದೆನಿಸುತ್ತದೆ.

ಎಳೆದವರು ಚಾಟಿಯೇಟಿಗೆ ಬೆದರಿದ ಗುಲಾಮರೆಂಬ ಚಿತ್ರ ಸಿನಿಮಾಗಳಿಂದ ನಮ್ಮಲ್ಲಿ ಬೇರೂರಿದೆ. ಪುರಾವೆ ಬೇರೆ ಹೇಳುತ್ತದೆ. ಪುರಾತತ್ವಜ್ಞ ಮಾರ್ಕ್ ಲೇನರ್ ಅವರ ತಂಡ ಗೀಜಾದಲ್ಲಿ ಅಗೆದು ತೆಗೆದ ಕೆಲಸಗಾರರ ಊರಿನಲ್ಲಿ ರೊಟ್ಟಿ ಸುಡುವ ಬೇಕರಿಗಳಿವೆ, ದನ, ಕುರಿ, ಮೇಕೆಗಳ ಮೂಳೆಗಳು ರಾಶಿ ರಾಶಿ ಇವೆ. 1990ರಲ್ಲಿ ಪತ್ತೆಯಾದ ಅವರ ಸಮಾಧಿಗಳಲ್ಲಿ ಭಾರ ಹೊತ್ತು ಸವೆದ ಬೆನ್ನುಮೂಳೆಗಳ ಜೊತೆಗೆ, ಮುರಿದು ಸರಿಯಾಗಿ ಕೂಡಿಕೊಂಡ ಕೈಕಾಲುಗಳೂ ಸಿಕ್ಕಿವೆ. ಗಾಯಗೊಂಡವರಿಗೆ ಶುಶ್ರೂಷೆ ಇತ್ತು, ಸತ್ತವರಿಗೆ ದೊರೆಯ ಗೋರಿಯ ಹತ್ತಿರವೇ ಜಾಗ ಸಿಕ್ಕಿತ್ತು. ದುಡಿಮೆ ಕಠಿಣವಾಗಿತ್ತು, ಕರೆ ಬಂದಾಗ ಬಾರದಿರುವ ಸ್ವಾತಂತ್ರ್ಯ ಎಲ್ಲರಿಗೂ ಇತ್ತೆನ್ನಲಾಗದು. ಹಾಗೆಂದು ಇದನ್ನೆಲ್ಲ ಅನ್ಯಗ್ರಹದವರ ಖಾತೆಗೆ ಬರೆಯುವುದು ಈ ಜನರ ಬೆವರಿಗೆ ಮಾಡುವ ಅನ್ಯಾಯ.

ಅತಿ ಕಠಿಣ ಪ್ರಶ್ನೆ ಗ್ರಾನೈಟಿನದು. ದೊರೆಯ ಕೋಣೆಯ ಮೇಲಿನ ತೊಲೆಗಳು 25ರಿಂದ 80 ಟನ್ ತೂಗುತ್ತವೆ, 800 ಕಿಲೋಮೀಟರ್ ದೂರದ ಅಸ್ವಾನ್‌ನಿಂದ ದೋಣಿಯಲ್ಲಿ ಬಂದವು. ಅವನ್ನು 40 ಮೀಟರಿಗಿಂತ ಮೇಲೆ ಇಟ್ಟಿದ್ದಾರೆ. ಒಳಗಿನ ಮಹಾ ಮೊಗಸಾಲೆಯಲ್ಲಿ ತೂಕದ ಕಲ್ಲನ್ನು ಕೆಳಕ್ಕೆ ಜಾರಿಸಿ, ಅದರ ಬಲದಿಂದ ತೊಲೆಗಳನ್ನು ಮೇಲಕ್ಕೆಳೆದರು ಎಂಬುದು ಫ್ರೆಂಚ್ ವಾಸ್ತುಶಿಲ್ಪಿ ಜಾನ್-ಪಿಯರ್ ಊದಾನ್ ಅವರ ಊಹೆ. 2017ರಲ್ಲಿ ವಿಜ್ಞಾನಿಗಳು ಆಕಾಶದಿಂದ ಸುರಿಯುವ ಮ್ಯುಆನ್ ಕಣಗಳನ್ನು ಎಣಿಸಿ, ಆ ಮೊಗಸಾಲೆಯ ಮೇಲೆ ಕನಿಷ್ಠ 30 ಮೀಟರ್ ಉದ್ದದ ಟೊಳ್ಳು ಇದೆಯೆಂದು ಕಂಡುಕೊಂಡರು. ಅದಕ್ಕೂ ಈ ಊಹೆಗೂ ನಂಟಿದೆಯೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ದೊರೆಯ ಕೋಣೆಯ ಮೇಲೆ ಭಾರ ತಡೆಯಲು ಬಿಟ್ಟ ಐದು ಕಿರುಕೋಣೆಗಳಲ್ಲಿ ಮಾತ್ರ ಒಂದು ಗುರುತು ಸ್ಪಷ್ಟವಾಗಿದೆ: ಗೋಡೆಯ ಕಲ್ಲುಗಳ ಮೇಲೆ ಕೆಂಪು ಬಣ್ಣದಲ್ಲಿ ಕೆಲಸದ ತಂಡಗಳ ಹೆಸರುಗಳು, ಅವುಗಳೊಳಗೆ ‘ಖುಫುವಿನ ಗೆಳೆಯರು’. ಕೆಲವು ಅಡ್ಡಡ್ಡ, ಕೆಲವು ತಲೆಕೆಳಗು, ಏಕೆಂದರೆ ಅವನ್ನು ಬರೆದದ್ದು ಕಲ್ಲನ್ನು ಜಾಗದಲ್ಲಿ ಕೂರಿಸುವ ಮೊದಲೇ.