ಖಾಲಿ ಕೈಗಳೂ ಸುಮ್ಮನಿದ್ದ ಚುಕ್ಕಿಗಳೂ

ಲ್ಯಾಪ್‌ಟಾಪಿನ ಪಕ್ಕ ಇನ್ನೊಂದು ಮಾನಿಟರ್ ಇಟ್ಟುಕೊಂಡು, ಮೌಸ್ ಚುಚ್ಚುವ ಕಿಂಡಿಗೇ ಅದರ ಕೇಬಲ್ಲನ್ನೂ ಚುಚ್ಚಿ ಕೆಲಸ ಮಾಡುವವರು ಈಗ ನಮ್ಮ ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಮನೆಗಳಲ್ಲೂ ಸಿಗುತ್ತಾರೆ. 2020ರ ಕೊರೋನಾ ಕಾಲದಲ್ಲಿ ಬೆಂಗಳೂರಿನ ಕೆಲಸವನ್ನು ಹೊತ್ತುಕೊಂಡೇ ಊರಿಗೆ ಬಂದವರು ಬೆಳೆಸಿದ ರೂಢಿ. ಒಂದೇ ಯಂತ್ರದ ಆ ಚಿಕ್ಕ ಕಿಂಡಿಗೆ ಹಲವು ಕೈ, ಹಲವು ಪರದೆ ಬಂದು ಸೇರಿದ ಕತೆಗೆ ಎರಡು ಬೇರುಗಳಿವೆ. ಒಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಇನ್ನೊಂದು ನಮ್ಮ ಬೆಂಗಳೂರಿನಲ್ಲಿ. ಬೆಂಗಳೂರಿನದು ಕಡಿಮೆ ಜನಕ್ಕೆ ಗೊತ್ತು, ಹಾಗಾಗಿ ಅದೇ ಮೊದಲಾಗಲಿ.

ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಬೆಂಗಳೂರಿನಲ್ಲಿ ಬಾಗಿಲು ತೆರೆದದ್ದು 2005ರಲ್ಲಿ. ಅಲ್ಲಿನ ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್, ಕೆಂಟಾರೊ ಟೊಯಾಮಾ ಮುಂತಾದವರು ಹಳ್ಳಿ ಶಾಲೆಗಳ ಕಂಪ್ಯೂಟರ್ ಕೋಣೆಗಳನ್ನು ಗಮನಿಸಿದರು. ಯಂತ್ರಕ್ಕಿಂತ ಹೆಚ್ಚಾಗಿ ಅವರು ನೋಡಿದ್ದು ಅದರ ಮುಂದೆ ಕೂತ ಮಕ್ಕಳನ್ನು. ಒಂದು ಪರದೆಯ ಸುತ್ತ ಹಲವು ತಲೆಗಳು. ಮೌಸ್ ಯಾರ ಮುಷ್ಟಿಯಲ್ಲಿದೆಯೋ ಅವನಿಗೆ ಪಾಠ. ಉಳಿದವರಿಗೆ ಇಣುಕುವ ಭಾಗ್ಯ ಮಾತ್ರ. ಎಲ್ಲರಿಗೂ ಒಂದೊಂದು ಕಂಪ್ಯೂಟರ್ ಕೊಡಲು ದುಡ್ಡಿಲ್ಲ ಎಂಬುದು ಹಳೆಯ ಗೋಳು. ಆದರೆ ಆ ಕೋಣೆಯಲ್ಲಿ ಯಂತ್ರಕ್ಕೂ ಬೇಕಾದಷ್ಟು ಬಿಡುವಿತ್ತು, ಮಕ್ಕಳ ಕೈಗಳೂ ಖಾಲಿ ಇದ್ದವು. ಕೊರತೆ ಇದ್ದದ್ದು ಮೌಸ್‌ಗೆ. ಕಂಪ್ಯೂಟರಿನ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲದ ವಸ್ತು.

ಹಾಗಾದರೆ ಐದು ಮೌಸ್ ಚುಚ್ಚಿದರಾಯಿತಲ್ಲ? ಚುಚ್ಚಬಹುದು. ಇಂಟೆಲ್‌ನಲ್ಲಿ ಬರೋಡಾ ಮೂಲದ ಅಜಯ್ ಭಟ್ ಮತ್ತು ಸಂಗಡಿಗರು ರೂಪಿಸಿ, 1996ರಲ್ಲಿ ಹೊರಬಂದ ಯುಎಸ್‌ಬಿ ವ್ಯವಸ್ಥೆ ಹಬ್‌ಗಳ ಮೂಲಕ 127 ಸಾಧನಗಳವರೆಗೆ ತಡೆದುಕೊಳ್ಳುತ್ತದೆ. ತೊಡಕು ವಿಂಡೋಸ್‌ನದು. ಎಷ್ಟು ಮೌಸ್ ಸಿಕ್ಕಿಸಿದರೂ ಅದು ಎಲ್ಲವನ್ನೂ ಕಲಸಿ ಒಂದೇ ಬಾಣವನ್ನು ಓಡಿಸುತ್ತಿತ್ತು. ಐವರು ಎಳೆದರೆ ಬಾಣ ಐದು ದಿಕ್ಕಿಗೆ ತುಯ್ಯುತ್ತಿತ್ತು. ಬೆಂಗಳೂರಿನ ತಂಡ ಯಾವ ಚಲನೆ ಯಾವ ಮೌಸ್‌ನದೆಂದು ಬೇರ್ಪಡಿಸಿ, ಪ್ರತಿ ಮಗುವಿಗೂ ತನ್ನದೇ ಬಾಣ ಸಿಗುವಂತೆ ತಂತ್ರಾಂಶ ಬರೆಯಿತು. ಹೆಸರು ಮಲ್ಟಿಮೌಸ್. ಒಂದು ಪರದೆಯ ಮೇಲೆ ಹಲವು ಮೌಸ್ ಓಡಿಸಿದ್ದು ಇದೇ ಮೊದಲೇನಲ್ಲ. 1991ರಲ್ಲೇ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪ್ರಯೋಗಾಲಯದಲ್ಲಿ ಬಿಯರ್ ಮತ್ತು ಫ್ರೀಮನ್ ಮಾಡಿ ತೋರಿಸಿದ್ದರು. ಬಡ ಶಾಲೆಯ ಬೆಂಚಿನ ಮೇಲೆ ಅದಕ್ಕೇನು ಬೆಲೆ ಎಂದು ಅಳೆದು ನೋಡಿದ್ದು ಬೆಂಗಳೂರಿನವರ ಹೆಚ್ಚುಗಾರಿಕೆ.

ಅಳತೆಯ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಗ್ರಾಮೀಣ ಭಾಗದ 238 ಮಕ್ಕಳಿಗೆ ಇಂಗ್ಲಿಷ್ ಪದಗಳನ್ನು ಕಲಿಸುವ ಆಟ ಕೊಟ್ಟಿದ್ದರು. ಕೆಲವು ಗುಂಪುಗಳಲ್ಲಿ ಒಂದು ಕಂಪ್ಯೂಟರಿಗೆ ಐವರು, ಐದು ಮೌಸ್. ಒಬ್ಬೊಬ್ಬರೇ ಒಂದೊಂದು ಕಂಪ್ಯೂಟರಿನ ಮುಂದೆ ಕೂತವರು ಕಲಿತಷ್ಟೇ ಪದಗಳನ್ನು ಈ ಐವರ ಗುಂಪಿನ ಮಕ್ಕಳೂ ತಲಾ ಹೆಚ್ಚುಕಡಿಮೆ ಕಲಿತಿದ್ದರು. ನನಗೆ ಇದಕ್ಕಿಂತ ರುಚಿಸುವುದು ಇನ್ನೊಂದು ಸಂಗತಿ. ಆಟವನ್ನು ಎರಡು ಬಗೆಯಲ್ಲಿ ಹೂಡಿದ್ದರು: ಮೊದಲು ಒತ್ತಿದವನು ಗೆದ್ದಂತೆ ಒಂದು, ಎಲ್ಲರೂ ಒಪ್ಪಿ ಒತ್ತಿದರಷ್ಟೇ ಮುಂದೆ ಸಾಗುವಂತೆ ಇನ್ನೊಂದು. ಹುಡುಗಿಯರು ಯಾವ ಬಗೆಯಲ್ಲಾದರೂ ಸುಮಾರಾಗಿ ಒಂದೇ ಮಟ್ಟದಲ್ಲಿ ಕಲಿತರು. ಹುಡುಗರ ಕಲಿಕೆ ಮಾತ್ರ ಆಟದ ನಿಯಮಕ್ಕೆ ತಕ್ಕಂತೆ ಏರಿತು, ಇಳಿಯಿತು. ಮಕ್ಕಳ ಮನೆಯವರನ್ನು ಕೇಳಿದ್ದರೆ ಪ್ರಯೋಗವಿಲ್ಲದೆಯೇ ಹೇಳಿಬಿಡುತ್ತಿದ್ದರೇನೋ.

ಮೌಸ್ ಹೆಚ್ಚಿತು, ಪರದೆ ಒಂದೇ ಉಳಿಯಿತು. ಅದನ್ನೂ ಅದೇ ಕಿಂಡಿಯಿಂದ ಹೆಚ್ಚಿಸಬಹುದೇ? ಲೆಕ್ಕ ಹಾಕಿದರೆ ಸಾಧ್ಯವಿಲ್ಲ. ಮೌಸ್ ಕಳಿಸುವ ಸುದ್ದಿ ಎಷ್ಟು ಚಿಕ್ಕದೆಂದರೆ ಯುಎಸ್‌ಬಿಯ ಅತಿ ನಿಧಾನದ ವೇಗವೂ ಅದಕ್ಕೆ ಧಾರಾಳ. ಪರದೆಯ ಹಸಿವೇ ಬೇರೆ. ಅಡ್ಡಕ್ಕೆ 1280, ಉದ್ದಕ್ಕೆ 1024 ಚುಕ್ಕಿಗಳು. ಚುಕ್ಕಿಯೊಂದಕ್ಕೆ 24 ಬಿಟ್ ಬಣ್ಣ. ಸೆಕೆಂಡಿಗೆ 60 ಸಲ. ಗುಣಿಸಿದರೆ ಸೆಕೆಂಡಿಗೆ ಸುಮಾರು 189 ಕೋಟಿ ಬಿಟ್. 2000ದಲ್ಲಿ ಬಂದ ಯುಎಸ್‌ಬಿ 2.0ರ ಗರಿಷ್ಠ ವೇಗ 48 ಕೋಟಿ. ನಾಲ್ಕು ಪಟ್ಟು ಕಡಿಮೆ!

ಈ ಗಂಟನ್ನು ಬಿಡಿಸಿದ ಕ್ವೆಂಟಿನ್ ಸ್ಟಾಫರ್ಡ್-ಫ್ರೇಜರ್ ಹೆಸರು ಬೇರೊಂದು ಕಾರಣಕ್ಕೂ ಪ್ರಸಿದ್ಧ. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದವರು ಕಾಫಿಗೆಂದು ಮೆಟ್ಟಿಲುಗಳನ್ನು ದಾಟಿ ಬಂದು ಖಾಲಿ ಪಾತ್ರೆ ನೋಡಿ ವಾಪಸಾಗುತ್ತಿದ್ದರು. ಪಾತ್ರೆಗೊಂದು ಕ್ಯಾಮೆರಾ ತಿರುಗಿಸಿಟ್ಟು, ಅದರ ಚಿತ್ರವನ್ನು ತಮ್ಮ ತಮ್ಮ ಪರದೆಯಲ್ಲೇ ಕಾಣುವಂತೆ ಮಾಡಿದವರಲ್ಲಿ ಇವರೂ ಒಬ್ಬರು. ಕಾಫಿ ಬೆಳೆಯುವ ನಮ್ಮ ಜಿಲ್ಲೆಯವರು ನೆನಪಿಡಬೇಕಾದ ಪಾತ್ರೆ ಅದು. ಮುಂದೆ ದೂರದ ಕಂಪ್ಯೂಟರಿನ ಪರದೆಯನ್ನು ಇಲ್ಲಿಗೆ ತರುವ ವಿಎನ್‌ಸಿ ತಂತ್ರಾಂಶ ಕಟ್ಟಿದ ತಂಡದಲ್ಲೂ ಸ್ಟಾಫರ್ಡ್-ಫ್ರೇಜರ್ ಇದ್ದರು. ಅಲ್ಲಿ ಕಲಿತ ಪಾಠ: ಪರದೆಯ ಬಹುಪಾಲು ಚುಕ್ಕಿಗಳು ಬಹುಪಾಲು ಹೊತ್ತು ಸುಮ್ಮನಿರುತ್ತವೆ. ಅಕ್ಷರ ಟೈಪಿಸುವಾಗ ಬದಲಾಗುವುದು ಒಂದು ಮೂಲೆಯ ಚೂರು ಜಾಗ. ಎಲ್ಲ ಕ್ಷೇಮ ಎಂದು ಊರಿಂದ ದಿನಕ್ಕೆ 60 ಕಾಗದ ಯಾರೂ ಬರೆಯುವುದಿಲ್ಲ; ಏನಾದರೂ ಆದಾಗ ಬರೆದರೆ ಸಾಕು.

2003ರಲ್ಲಿ ಅವರೂ ಮಾರ್ಟಿನ್ ಕಿಂಗ್ ಅವರೂ ಸೇರಿ ನ್ಯೂನಮ್ ರಿಸರ್ಚ್ ಎಂಬ ಕಂಪನಿ ಹುಟ್ಟುಹಾಕಿದರು. ಮೊದಲ ಯೋಚನೆ ನೆಟ್‌ವರ್ಕ್ ಕೇಬಲ್ಲಿನಿಂದ ಪರದೆ ಓಡಿಸುವುದು. ಯುಎಸ್‌ಬಿ ಆಮೇಲೆ ಬಂತು, ಅದೇ ಗೆದ್ದಿತು. ಕಂಪ್ಯೂಟರಿನೊಳಗಿನ ತಂತ್ರಾಂಶ ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ ಹುಡುಕಿ, ಅದನ್ನು ಹಿಂಡಿ ಕಿರಿದು ಮಾಡಿ ಕಳಿಸುತ್ತದೆ. ಮಾನಿಟರ್ ಬದಿಯ ಚಿಪ್ ಅದನ್ನು ಬಿಡಿಸಿ ತನ್ನ ನೆನಪಿನಲ್ಲಿರುವ ಚಿತ್ರಕ್ಕೆ ಜೋಡಿಸಿಕೊಳ್ಳುತ್ತದೆ. ಸೆಕೆಂಡಿಗೆ 60 ಸಲ ಪರದೆ ಬೆಳಗಿಸುವ ದುಡಿಮೆ ಅಲ್ಲೇ ನಡೆಯುತ್ತದೆ, ಕೇಬಲ್ಲಿಗೆ ಆ ಹೊರೆಯಿಲ್ಲ. ಕಂಪನಿ 2006ರಲ್ಲಿ ಡಿಸ್‌ಪ್ಲೇಲಿಂಕ್ ಎಂದು ಹೆಸರು ಬದಲಿಸಿಕೊಂಡಿತು. ಮರುವರ್ಷ ಸ್ಯಾಮ್‌ಸಂಗ್‌ನ 19 ಇಂಚಿನ ಮಾನಿಟರಿನೊಳಗೆ ಆ ಚಿಪ್ ಕೂತಿತು. ಲಿನಕ್ಸ್ ಬಳಕೆದಾರರಿಗೆ ಮೊದಲಿಗೆ ಏನೂ ಸಿಗಲಿಲ್ಲ. ಫ್ಲೋರಿಯನ್ ಎಖ್ಟ್ಲರ್, ಕ್ರಿಸ್ ಹಾಜಸ್ ಎಂಬಿಬ್ಬರು ಕೇಬಲ್ಲಿನಲ್ಲಿ ಹರಿಯುವ ಮಾಹಿತಿಯನ್ನು ಕದ್ದು ಕೇಳಿ ಅದರ ಗುಟ್ಟು ಒಡೆದರು. 2009ರಲ್ಲಿ ಕಂಪನಿಯೇ ಮುಕ್ತ ತಂತ್ರಾಂಶವೊಂದನ್ನು ಬಿಟ್ಟಿತು.

ಬೆಂಗಳೂರಿನ ಬೇರೂ ಕೇಂಬ್ರಿಜ್‌ನ ಬೇರೂ ಕೂಡಿಕೊಂಡದ್ದು ಇದಾದ ಮೇಲೆ. ಒಂದೇ ಕಂಪ್ಯೂಟರ್, ಹಲವರಿಗೆ ಬೇರೆ ಬೇರೆ ಮಾನಿಟರ್, ಕೀಬೋರ್ಡ್, ಮೌಸ್ ಎಂಬ ಏರ್ಪಾಡನ್ನು ಮೈಕ್ರೋಸಾಫ್ಟ್ 2010ರಲ್ಲಿ ವಿಂಡೋಸ್ ಮಲ್ಟಿಪಾಯಿಂಟ್ ಸರ್ವರ್ ಎಂದು ಶಾಲೆಗಳಿಗಾಗಿ ತಂದಿತು. 2012ರ ಫೆಡೋರಾ 17 ಎಂಬ ಲಿನಕ್ಸ್ ಆವೃತ್ತಿಯಲ್ಲಿ, ಮಾನಿಟರ್, ಕೀಬೋರ್ಡ್, ಮೌಸ್ ಜೋಡಿಸುವ ಯುಎಸ್‌ಬಿ ಡಾಕ್ ಸಿಕ್ಕಿಸಿದೊಡನೆ ಇನ್ನೊಬ್ಬ ಬಳಕೆದಾರನ ಲಾಗಿನ್ ಪರದೆ ತಾನಾಗಿ ತೆರೆಯುತ್ತಿತ್ತು. ಆದರೂ ಟೊಯಾಮಾ 2015ರಲ್ಲಿ ಬರೆದ ಪುಸ್ತಕದಲ್ಲಿ ಉತ್ಸಾಹ ಇಳಿದಿದೆ. ಯಂತ್ರ ಇರುವುದನ್ನೇ ಹಿಗ್ಗಿಸುತ್ತದೆ, ಇಲ್ಲದ್ದನ್ನು ತರುವುದಿಲ್ಲ ಎನ್ನುತ್ತಾರೆ. ನಮ್ಮ ಮಲೆನಾಡಿನ ಶಾಲೆಗಳಲ್ಲಿ ಲೆಕ್ಕವೇ ತಿರುಗುಮುರುಗು. ಮನೆಗಳು ಚದುರಿವೆ, ಎಷ್ಟೋ ಶಾಲೆಗಳಲ್ಲಿ ಮಕ್ಕಳೇ ಕಡಿಮೆ. ಕಂಪ್ಯೂಟರ್ ಮುಂದೆ ನೂಕುನುಗ್ಗಲಾಗಲು ಜನ ಬೇಕಲ್ಲ.

ಡಿಸ್‌ಪ್ಲೇಲಿಂಕ್ ಅನ್ನು 2020ರಲ್ಲಿ ಸಿನಾಪ್ಟಿಕ್ಸ್ ಎಂಬ ಕಂಪನಿ ಕೊಂಡಿತು. ಅದೇ ವರ್ಷ ಬಂದ ಆ್ಯಪಲ್‌ನ ಎಂ1 ಲ್ಯಾಪ್‌ಟಾಪುಗಳು ಹೊರಗಿನ ಒಂದೇ ಮಾನಿಟರನ್ನು ಒಪ್ಪುತ್ತಿದ್ದರಿಂದ ಈ ಉಪಾಯಕ್ಕೆ ಹೊಸ ಗಿರಾಕಿಗಳು ಸಿಕ್ಕರು. ಈಗಿನ ಯುಎಸ್‌ಬಿ-ಸಿ ಕಿಂಡಿಗಳಲ್ಲಿ ಹಲವು ಚಿತ್ರದ ಸಂಕೇತವನ್ನು ನೇರವಾಗಿಯೇ ಸಾಗಿಸುತ್ತವೆ, ಕೆಲವು ಸಾಗಿಸುವುದಿಲ್ಲ. ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ. ಕೊಳ್ಳುವ ಮುಂಚೆ ಕೇಳಿಕೊಳ್ಳುವುದು ಒಳ್ಳೆಯದು. ಕೊಪ್ಪದಂಥ ಊರಿಗೆ ನಾನು ಹೇಳುವುದು ವಿದ್ಯುತ್ತನ್ನೂ ಅದೇ ಕೇಬಲ್ಲಿನಿಂದ ಪಡೆಯುವ ಚಿಕ್ಕ ಮಾನಿಟರ್. ಆಷಾಢದ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಎರಡು ಪರದೆಯೂ ಉರಿಯುತ್ತವೆ. ಮೊಬೈಲ್ ಟವರಿನ ಬ್ಯಾಟರಿ ಅಷ್ಟು ಹೊತ್ತು ತಡೆಯುತ್ತದೋ ಇಲ್ಲವೋ, ಅದು ಬೇರೆ ವಿಷಯ.