ಬೂದಿ ಮುಚ್ಚಿದ ಕೆಂಡ

ಒಲೆಯ ಉರಿ ಆರಿದೊಡನೆ ಬೆಂಕಿ ನಂದಿತೆಂದು ನಾವು ಹೇಳಲಾರೆವು. ಬೂದಿಯನ್ನು ಕೆದಕಿದರೆ ಕೆಂಡ ನಿಗಿನಿಗಿ ಹೊಳೆಯುವುದುಂಟು. ಕರುಳಿನ ದೀರ್ಘಕಾಲದ ಉರಿಯೂತವೂ ಇಂಥದೇ. ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಎಂಬ ಎರಡು ವ್ಯಾಧಿಗಳು ಈ ಗುಂಪಿನಲ್ಲಿ ಮುಖ್ಯವಾದುವು. ಔಷಧ ನಾಟಿದಂತೆ ರಕ್ತಭೇದಿ ನಿಲ್ಲುತ್ತದೆ, ಹೊಟ್ಟೆನೋವು ತಗ್ಗುತ್ತದೆ. ಗುಣವಾಯಿತೆಂದು ನಂಬಿ ರೋಗಿ ಮಾತ್ರೆಯನ್ನು ಬಿಡುತ್ತಾನೆ. ಒಳಗಿನ ಹುಣ್ಣು ಮಾತ್ರ ಮಾಯದೆ ಉಳಿದಿರಬಹುದು. ಕೆಲವು ತಿಂಗಳಲ್ಲಿ ಬೇನೆ ಮತ್ತೆ ಭುಗಿಲೇಳಬಹುದು.

ಹಾಗಾದರೆ ಒಳಗನ್ನು ತಿಳಿಯುವ ಬಗೆ ಹೇಗೆ? ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆಯನ್ನು ತೂರಿಸಿ ನೋಡುವ ಕೊಲೊನೋಸ್ಕೋಪಿ ಬಹಳ ನಂಬಲರ್ಹವಾದುದು. ಆದರೆ ಅದಕ್ಕಾಗಿ ಭೇದಿಯ ಔಷಧ ಕುಡಿದು ಕರುಳನ್ನು ಬರಿದು ಮಾಡಿಕೊಳ್ಳಬೇಕು. ಪದೇ ಪದೇ ಮಾಡಿಸುವುದು ಯಾರಿಗೂ ಹಿತವಲ್ಲ. ಇಲ್ಲಿ ನಮ್ಮ ನೆರವಿಗೆ ಬರುವುದು ನಾವು ಹೇಸಿ ಮುಖ ತಿರುಗಿಸುವ ಮಲವೇ!

ಉರಿಯೂತವಿದ್ದಲ್ಲಿಗೆ ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳು ಧಾವಿಸುತ್ತವೆ. ಅವುಗಳ ಒಡಲಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನು ಹೇರಳವಾಗಿದೆ. ನಾರ್ವೆಯ ವಿಜ್ಞಾನಿ ಫಾಗರ್‌ಹೋಲ್ ಮತ್ತು ಸಂಗಡಿಗರು 1980ರಲ್ಲಿ ಇದನ್ನು ವರ್ಣಿಸಿದರು. ರಕ್ತಕಣಗಳು ಕರುಳಿನೊಳಕ್ಕೆ ಸೋರಿ ಒಡೆದಾಗ ಅದು ಮಲದಲ್ಲಿ ಬೆರೆಯುತ್ತದೆ. ಕ್ಯಾಲ್ಸಿಯಂ ಕೂಡಿಕೊಂಡ ಈ ಪ್ರೋಟೀನನ್ನು ಜೀರ್ಣರಸಗಳು ಸುಲಭವಾಗಿ ಒಡೆಯಲಾರವು. ಇದರ ಅನುಕೂಲ ನಮ್ಮ ಬೆಂಗಳೂರಿನವರಿಗೆ ಚೆನ್ನಾಗಿ ತಿಳಿದೀತು: ಯಲಹಂಕದ ಮನೆಯಲ್ಲಿ ಬೆಳಗ್ಗೆ ಡಬ್ಬಿಗೆ ಹಾಕಿದ ಮಾದರಿ ಹೆಬ್ಬಾಳದ ವಾಹನಸಂದಣಿಯಲ್ಲಿ ಸಿಲುಕಿ ಮಧ್ಯಾಹ್ನಕ್ಕೆ ಪ್ರಯೋಗಾಲಯ ಸೇರಿದರೂ ಕೆಡುವ ಭಯವಿಲ್ಲ.

ಒಂದು ಗ್ರಾಂ ಮಲದಲ್ಲಿ ಈ ಪ್ರೋಟೀನು 50 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕರುಳು ಶಾಂತ. 250 ಮೀರಿದರೆ ಕೆಂಡ ಉಂಟೆಂದು ಶಂಕಿಸಬೇಕು. ನಡುವಣ ಅಂಕಿ ಬಂದರೆ ಕೆಲವು ವಾರಗಳ ತರುವಾಯ ಮತ್ತೆ ಪರೀಕ್ಷಿಸುವುದು ವಾಡಿಕೆ. 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಶಿಫಾರಸು, ನೋವಿನ ಶಮನದೊಂದಿಗೆ ಈ ಅಂಕಿಯ ಇಳಿತವನ್ನೂ ಚಿಕಿತ್ಸೆಯ ಗುರಿಗಳಲ್ಲಿ ಸೇರಿಸಿತು.

ಆದರೆ ಹೊಗೆಯೆಲ್ಲ ಒಂದೇ ಒಲೆಯದಲ್ಲ. ಆಮಶಂಕೆ, ಕರುಳಿನ ಕ್ಷಯ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಇವೂ ಅಂಕಿಯನ್ನು ಏರಿಸಬಲ್ಲವು. ಆದಕಾರಣ ಅಂಕಿಯ ಅರ್ಥವನ್ನು ಬಿಡಿಸುವ ಕೆಲಸ ವೈದ್ಯರದು. ಹಾಯೆನಿಸಿತೆಂದು ತಾನಾಗಿ ಔಷಧ ಬಿಡದಿರುವ ಹೊಣೆ ರೋಗಿಯದು. ಬೂದಿಯನ್ನು ಕಂಡು ಮರುಳಾಗದೆ, ಕೆಂಡವನ್ನು ಅಳೆದು ನಡೆಯುವುದೇ ಕ್ಷೇಮವಲ್ಲವೆ?